ಬಾಗಿಲಲ್ಲಿ ಬಿಟ್ಟ ಬೂಟು

ಟೊಮೇಟೊ ಮೇಲೆ ನೀರು ಚಿಮುಕಿಸುತ್ತಿದ್ದಾರೆ, ಹೊಳೆಯಲಿ ಎಂದು, ಈಗಷ್ಟೇ ಕಿತ್ತು ತಂದದ್ದೆಂದು ಜನ ನಂಬಲಿ ಎಂದು, ನಂಬುತ್ತಾರೆ, ಹಿಸುಕಿ ನೋಡಿ ಮೂಸಿ ನೋಡಿ ಬುಟ್ಟಿಗೆ ಹಾಕಿಕೊಳ್ಳುತ್ತಾರೆ, ಮೀನಾದರೆ ಕಿವಿರು ಎತ್ತಿ ನೋಡಬೇಕು, ಕಣ್ಣು ನೋಡಬೇಕು, ಸತ್ತದ್ದು ಯಾವಾಗ ಎಂದು ಕಣ್ಣೇ ಹೇಳುತ್ತದೆ, ತಂಗಿಯ ಕಣ್ಣು ಏನೂ ಹೇಳಲಿಲ್ಲ, ಯಾರೋ ಮುಚ್ಚಿಬಿಟ್ಟಿದ್ದರು, ಹೊದಿಸಿದ ಬಟ್ಟೆಯ ಕೊನೆಯಲ್ಲಿ ಎರಡು ಪಾದ ಮಾತ್ರ ಹೊರಗೆ, ಬರಿಯ ಪಾದ — ಅಕ್ಕ ಕೈಚೀಲವನ್ನು ಎದೆಗೆ ಅವುಚಿಕೊಂಡಳು. ಒಳಗೆ ಗೋಣಿತಾಟಿನಲ್ಲಿ ಸುತ್ತಿದ ಮೀನಿನ ಕತ್ತಿ. ಬೆಳಿಗ್ಗೆ ತನ್ನ ಮೀನಂಗಡಿಯಲ್ಲಿ ಅದನ್ನು ಮಸೆಯುವಾಗ ಪಕ್ಕದ ಅಂಗಡಿಯವಳು ಕೇಳಿದ್ದಳು, ಏನೇ, ಇವತ್ತು ತಿಮಿಂಗಿಲ ಬಂದಿದ್ಯಾ, ಹೂಂ ಕಣೆ, ಎರಡು ಕಾಲಿಂದು.

ಎಷ್ಟು ಚೆಂದ ಇಟ್ಟಿದ್ದಾನೆ ತೋಟದ ಯಜಮಾನ ತನ್ನ ಅಂಗಳದ ಸಂತೆಯನ್ನು, ಈ ಕಡೆ ತರಕಾರಿ, ಆ ಕಡೆ ಕುಂಡ, ಗುಲಾಬಿ, ಗೊಬ್ಬರದ ಚೀಲ, ನಡೆಯುವ ದಾರಿಗೆ ಬಿಳಿ ಕಲ್ಲು, ತುದಿಯಲ್ಲಿ ಪ್ಲಾಸ್ಟಿಕ್ ಹೊದ್ದ ಸಸಿಮನೆ, ಉಂಡು ಬೆವರುತ್ತಿರುವ ಹೊಟ್ಟೆಯ ಹಾಗೆ ಉಬ್ಬಿಕೊಂಡು. ತಂಗಿ ಅಲ್ಲೇ ಸಸಿ ಬಿಡಿಸುತ್ತಿದ್ದಳು. ಬೂಟು ಹೊರಗೆ ಬಿಟ್ಟು ಬರಿಗಾಲಲ್ಲಿ ಹೋಗ್ಬೇಕಂತೆ ಅಕ್ಕಾ, ಕೆಸರು ಬಂದ್ರೆ ಸಸಿಗೆ ರೋಗ ಬರುತ್ತಂತೆ, ನಮಗೆ ಬಂದ್ರೆ ಪರವಾಗಿಲ್ವಂತೆ, ಹೇಳಿ ನಗುತ್ತಿದ್ದಳು ಪೆದ್ದಿ. ಬಾಗಿಲಲ್ಲಿ ಬೂಟಿದ್ದರೆ ಒಳಗೆ ಆಳು ಇದೆ, ಬೂಟಿಲ್ಲದಿದ್ದರೆ ಯಾರೂ ಇಲ್ಲ, ಹುಳಕ್ಕೆ ಔಷಧಿ ಹೊಡೆಯುವ ಪಂಪಿನವನಿಗೆ ಅಷ್ಟೇ ಗುರುತು, ಒಳಗಿನ ಫ್ಯಾನಿನ ಸದ್ದಿಗೆ ಕೂಗು ಕೇಳಿಸದು, ಬೂಟು ನೋಡುವುದು, ಬಾಗಿಲು ಎಳೆಯುವುದು, ಔಷಧಿ ಸೋರದ ಹಾಗೆ ಹೊರಗಿನಿಂದ ತಂತಿ ತಿರುಪುವುದು, ಬಾಗಿಲ ತೂತಿನಲ್ಲಿ ಕೊಳವೆ ತೂರಿಸುವುದು. ಅವತ್ತೂ ಸಂತೆಯ ದಿನ. ತಿರುಪಿದ, ತೂರಿಸಿದ.

ಬೂಟು ಹಾಕ್ಕೊಂಡೇ ಒಳಗೆ ನುಗ್ಗಿದ್ದಾಳೆ, ನಿಯಮ ಗೊತ್ತಿದ್ದೂ, ನಾವೇನು ಮಾಡೋಕಾಗುತ್ತೆ ಹೇಳಿ — ಯಜಮಾನ ಅಂದ, ವಿಚಾರಣೆಗೆ ಬಂದವರು ತಲೆಯಾಡಿಸಿದರು, ಅಮ್ಮನೂ ಆಡಿಸಿದಳು, ಇವತ್ತಿಗೂ ಊಟಕ್ಕೆ ಕೂತರೆ ಸತ್ತ ಮಗಳನ್ನೇ ಬೈಯುತ್ತಾಳೆ, ಹೇಳಿದ ಮಾತು ಯಾವತ್ತು ಕೇಳಿದ್ಲು ಅವಳು. ಹಾಗಾದರೆ ಪಾದ ಯಾಕೆ ಬರಿದಾಗಿತ್ತಮ್ಮಾ, ಬೂಟು ಎಲ್ಲಿ ಹೋಯಿತು, ಬಾಗಿಲಲ್ಲೇ ಇತ್ತು, ಪಂಪಿನವನು ನೋಡಿದ್ದಾನೆ, ನೋಡಿಯೂ ತಂತಿ ತಿರುಪಿ ಆಮೇಲೆ ಬೂಟು ಬಚ್ಚಿಟ್ಟಿದ್ದಾನೆ. ಮನೆಯ ಹೊಸ್ತಿಲಿಗೆ ಬಂದು, ಬೂಟಿರ್ಲಿಲ್ಲ ಅಕ್ಕಾ, ನನ್ನ ಮಕ್ಕಳಾಣೆ ಎಂದಿದ್ದ, ಮುಖಕ್ಕೆ ಉಗಿದಿದ್ದಳು, ಒರೆಸಿಕೊಳ್ಳದೆ ಹೋಗಿದ್ದ.

ಅಗೋ ಅವನೇ. ಸಸಿಮನೆಯ ಬಾಗಿಲ ಹತ್ತಿರ, ಬೆನ್ನಿಗೆ ಪಂಪು, ಸೊಂಟದಲ್ಲಿ ತಂತಿಯ ಸುರುಳಿ, ಕತ್ತು ಬಡಕಲು, ಕತ್ತಿ ಎಲ್ಲಿ ಇಳಿಸಬೇಕೆಂದು ಅವಳಿಗೆ ಗೊತ್ತು, ಕಿವಿಯ ಕೆಳಗೆ, ಒಂದೇ ಎಳೆತ, ಗಟ್ಟಿ ಎಳೆದರೆ ಮೂಳೆಯೇ ದಾರಿ ಬಿಡುತ್ತದೆ, ಕೈ ಚೀಲದೊಳಗೆ ಇಳಿದು ಹಿಡಿಯನ್ನು ಹಿಡಿಯಿತು, ಬಾಗಿಲ ಪಕ್ಕದ ಈ ಗೋಡೆ ದಾಟಿದರೆ ಅವನು, ಗೋಡೆಯ ತುಂಬ ಏನೇನೋ ನೇತುಹಾಕಿದ್ದಾರೆ, ತೂತು ಕೆಟಲು, ಒಡೆದ ಬಕೆಟ್ಟು, ಹಳದಿ ರಬ್ಬರ್ ಬೂಟು, ಎಲ್ಲದರೊಳಗೂ ಮಣ್ಣು ತುಂಬಿ ಹೂವಿನ ಗಿಡ — ಹಳದಿ ಬೂಟು. ಹಿಮ್ಮಡಿಯಲ್ಲಿ ಸೈಕಲ್ ಟ್ಯೂಬಿನ ತೇಪೆ, ಮೀನಿನ ಆಕಾರದ್ದು, ತಂಗಿಯ ಬೂಟಿಗೆ ಅವಳೇ ಕತ್ತರಿಸಿ ಅಂಟಿಸಿದ್ದು, ಥೂ, ಇಲ್ಲೂ ಮೀನಾ ಅಕ್ಕಾ, ಅಂದಿದ್ದಳು ತಂಗಿ.

ಚೆನ್ನಾಗಿದೆ ಅಲ್ವಾಮ್ಮಾ, ಯಜಮಾನ ಪಕ್ಕಕ್ಕೇ ಬಂದು ನಿಂತಿದ್ದಾನೆ, ಗುರುತು ಹತ್ತಿಲ್ಲ ಅವನಿಗೆ, ಯಾವತ್ತು ನಮ್ಮ ಮುಖ ನೋಡಿದ್ದ, ಎಲ್ಲಿ ಸಿಕ್ತು ಅಂತ ಎಲ್ಲರೂ ಕೇಳ್ತಾರೆ, ನಮ್ಮ ಆಳುಗಳದೇ ಕಣಮ್ಮಾ, ಬಾಗಿಲಲ್ಲಿ ಬಿಟ್ಟಿರ್ತಾರೆ, ಕೊಳಕು, ಸಂತೆ ದಿನ ನಿಮ್ಮಂಥವರು ಓಡಾಡೋ ಜಾಗ ನೋಡಿ, ನಾನೇ ಎತ್ತಿ ಹಿಂದಕ್ಕೆ ಎಸೆದುಬಿಡ್ತೀನಿ, ಇದೊಂದು ಜೊತೆ ಯಾರೂ ಕೇಳ್ಕೊಂಡು ಬರ್ಲಿಲ್ಲ, ತಳಕ್ಕೆ ತೂತು ಹೊಡೆಸಿ ಗಿಡ ಹಾಕಿಸ್ದೆ. ಯಾರೂ ಕೇಳಿಕೊಂಡು ಬರಲಿಲ್ಲ. ಎಲ್ಲಿಂದ ಬರುತ್ತಾಳೆ ಕೇಳಿಕೊಂಡು. ಬಾಗಿಲ ಹತ್ತಿರ ಪಂಪಿನ ಸದ್ದು ನಿಂತಿತು, ಅವನೂ ಕೇಳಿಸಿಕೊಂಡ, ಬೂಟಿರಲಿಲ್ಲ, ನಿಜವಾಗಿಯೂ ಇರಲಿಲ್ಲ, ಉಗಿದದ್ದು ತಪ್ಪು ಮುಖಕ್ಕೆ. ಕತ್ತಿ ಆಗಲೇ ಹೊರಗೆ ಬಂದಿದೆ, ಬೂಟನ್ನು ಕೊಕ್ಕೆಯಿಂದ ಕಿತ್ತಳು, ಮೇಲಿನಿಂದ ಹಿಮ್ಮಡಿಯವರೆಗೆ ಸೀಳಿದಳು, ಮೀನಿನ ಹೊಟ್ಟೆ ಸೀಳುವ ಹಾಗೆ, ತೇಪೆಯ ಮೀನೂ ಎರಡಾಯಿತು, ಒಳಗಿನ ಮಣ್ಣು ಉದುರಲಿಲ್ಲ, ಬೇರು ಹೆಣೆದುಕೊಂಡು ಇಡಿಯಾಗಿ ಜಾರಿ ಬಿಳಿ ಕಲ್ಲಿನ ಮೇಲೆ ಬಿತ್ತು, ಹಿಮ್ಮಡಿ, ಅಂಗಾಲಿನ ಕುಳಿ, ಮುಂದೆ ಬೆಳ್ಳಗೆ ಬೇರಿನ ಬೆರಳು, ಒಂದು ಪಾದ.

ಏಯ್, ಏನಮ್ಮಾ ಇದು, ಕತ್ತಿ ಕೆಳಗಿಡು, ಗಿರಾಕಿಗಳಿದ್ದಾರೆ — ಹಿಂದೆ ಹಿಂದೆ ಸರಿಯುತ್ತಿದ್ದಾನೆ ಯಜಮಾನ, ಅವಳು ಮುಂದೆ, ಅವನು ಹಿಂದೆ, ಸಸಿಮನೆಯ ಬಾಗಿಲು ಬೆನ್ನಿಗೆ ತಾಗಿತು, ತೆರೆಯಿತು, ಮಿರಿಮಿರಿ ಪಾಲಿಶಿನ ಬೂಟು ಹಾಕಿಕೊಂಡೇ ಒಳಗೆ ಹೋದ. ಪಂಪಿನವನು ಬಾಗಿಲೆಳೆದ. ಸೊಂಟದ ತಂತಿ ಬಿಚ್ಚಿ ತಿರುಪಿದ. ಒಳಗಿನಿಂದ ಅಂಗೈಗಳು ಪ್ಲಾಸ್ಟಿಕ್ಕಿಗೆ ಬಡಿಯುತ್ತಿವೆ, ಬಾಯಿ ತೆರೆಯುತ್ತಿದೆ, ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸದು, ಅತ್ತ ಯಾರೋ ಬದನೆಕಾಯಿ ತೂಗಿಸುತ್ತಿದ್ದಾರೆ, ಹುಳ ಇಲ್ಲ ತಾನೇ, ಇಲ್ಲಮ್ಮಾ, ಔಷಧಿ ಹೊಡೆದಿರೋದು. ಪಂಪಿನವನು ಬಗ್ಗಿ ಬಾಗಿಲ ಬುಡ ನೋಡಿದ, ದಿನಾ ನೋಡುವ ಹಾಗೆ, ಕೊಳವೆ ತೂರಿಸಿದ, ಬಾಗಿಲಲ್ಲಿ ಬೂಟಿಲ್ಲ ಅಕ್ಕಾ, ಮೆಲ್ಲಗೆ ಅಂದ, ಬೂಟಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ತಾನೇ, ಕೈ ಪಂಪಿನ ಹಿಡಿಯ ಮೇಲೆ, ನೀನೇ ಹೇಳಕ್ಕಾ, ಕಾಯುತ್ತಿದ್ದಾನೆ, ಹೇಳಬೇಕು, ಹೂಂ ಎನ್ನಬೇಕು, ಇಲ್ಲವೇ ಬೇಡ ಎನ್ನಬೇಕು, ಒಂದು ಮಾತು ಸಾಕು, ಅಮ್ಮ ಏನನ್ನುತ್ತಾಳೆ, ತಂಗಿ ಏನನ್ನುತ್ತಿದ್ದಳು, ಬಿಳಿ ಕಲ್ಲಿನ ಮೇಲೆ ಪಾದ, ಹೇಳಕ್ಕಾ, ಬೇರಿನ ಪಾದ, ಬೆರಳಿರುವ ಪಾದ, ಬೂಟಿಲ್ಲದ, ಬರಿಯ ಪಾದ