ತೊಳೆದ ಮೈ

“ಇಳಿಸಿ.”

ಶವವನ್ನು ಹೆಗಲಿಗೇರಿಸಿ ಹೊಸ್ತಿಲು ದಾಟುತ್ತಿದ್ದ ನಾಲ್ವರೂ ನಿಂತುಬಿಟ್ಟರು; ಮುಂದಿನಿಬ್ಬರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೇಳಿದವಳು ಸತ್ತವನ ಹೆಂಡತಿ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ ಗೋಡೆಗೊರಗಿ ಕುಳಿತಿದ್ದವಳು ಈಗ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಏನಾಯ್ತು ಅತ್ತಿಗೆ? ಗಾಡಿ ಬಂದು ಎಷ್ಟೊತ್ತಾಯ್ತು!” ಎಂದಳು ನಾದಿನಿ.

“ಇನ್ನೊಬ್ಬಳು ಬರಬೇಕು.”

“ಯಾರು?”

“ಲ್ಯಾಬಿನವಳು.”

ಸತ್ತವನು ದುಡಿಯುತ್ತಿದ್ದ ಬೆಣ್ಣೆ ಕಾರ್ಖಾನೆಯಿಂದ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕುಂಟುಗಾಲಿನವನು ಉಳಿದ ಮೂವರೊಡನೆ ಹೆಗಲ ಭಾರ ಇಳಿಸಿ ಬೆವರೊರೆಸಿಕೊಂಡ.

“ಅವರು ಬರೋದು ಕಷ್ಟ ಅಕ್ಕಾ. ನಿಮ್ಮ ಯಜಮಾನ, ಅದೇ ನಮ್ಮ ಜಿಡ್ಡಣ್ಣ ಮಲಗಿದ್ದೇ ತಡ, ಅವನು ಸಾಕ್ತಿದ್ದ ಗ್ಯಾಸ್ ಟ್ಯಾಂಕೂ ಮಲಗಿಬಿಡ್ತು. ಹೊಸಬನೊಬ್ಬ ಜಿಡ್ಡುನೀರಿನ ವಾಲ್ವನ್ನ ಪೂರ್ತಿ ತಿರುಗಿಸಿದ್ದಾನೆ. ಜಿಡ್ಡು ಒಟ್ಟಿಗೇ ನುಗ್ಗಿದ್ರೆ ಒಳಗಿನ ಜೀವಾಣುಗಳ ಮೈಗೆ ಮೆತ್ತಿಕೊಳ್ಳುತ್ತೆ. ಸುತ್ತ ಊಟ, ತಿನ್ನೋಕೆ ಬಾಯಿಲ್ಲ! ಬೆಣ್ಣೆಯಲ್ಲಿ ಮುಳುಗಿದ ಇರುವೆ ಥರ. ಗ್ಯಾಸೇ ನಿಂತೋಯ್ತು. ಅವರು ಅಲ್ಲಿ ಟ್ಯಾಂಕಿನ ಹುಳಿ ಇಳಿಸೋಕೆ ಸುಣ್ಣ ಕಲಸ್ತಾ ಕೂತಿದ್ದಾರೆ.”

“ಸರಿ. ನಾನೂ ಇಲ್ಲೇ ಕೂತಿರ್ತೀನಿ.”

ಕೂತಳು, ಹೊಸ್ತಿಲ ಮೇಲೆಯೇ. ಅವಳಿಗೆ ಬೇಕಾಗಿದ್ದುದು ಒಂದೇ. ಆ ಹೆಂಗಸು ಸತ್ತವನ ಮುಖವನ್ನು ನೋಡುವಾಗ ತಾನು ಆ ಹೆಂಗಸಿನ ಮುಖವನ್ನು ನೋಡಬೇಕು. ಗಾಡಿ ಹೊರಟುಹೋದರೆ ಸತ್ಯವೂ ಅದರೊಳಗೇ ಕುಳಿತು ಹೋಗಿಬಿಡುತ್ತದೆ.

*

ಅನುಮಾನ ಹುಟ್ಟಿದ್ದು ಸೋಪಿನಿಂದ.

ಬೆಣ್ಣೆಯ ಯಂತ್ರಗಳನ್ನು ತೊಳೆದ ನೀರು ಗಾಳಿಯಾಡದಂತೆ ಮುಚ್ಚಿದ ದೊಡ್ಡ ಟ್ಯಾಂಕೊಂದಕ್ಕೆ ಹೋಗುತ್ತಿತ್ತು. ಕಣ್ಣಿಗೆ ಕಾಣದ ಜೀವಾಣುಗಳು ಅದರ ಜಿಡ್ಡನ್ನು ತಿಂದು ಉರಿಯುವ ಗ್ಯಾಸನ್ನು ಬಿಡುತ್ತಿದ್ದವು. ಆ ಗ್ಯಾಸಿನಿಂದ ಬಾಯ್ಲರ್ ಉರಿಯುತ್ತಿತ್ತು. ಆ ಟ್ಯಾಂಕನ್ನು ಸಾಕುವುದೇ ಸತ್ತವನ ಉದ್ಯೋಗ. ಕಮಟು ಬೆಣ್ಣೆ, ಕೊಳೆತ ಮೊಟ್ಟೆ, ಕಟ್ಟಿದ ಚರಂಡಿ, ಮೂರನ್ನೂ ಕಲಸಿದಂಥ ಅಲ್ಲಿಯ ನಾತವನ್ನು ಇಡೀ ಬೀದಿ ಬಲ್ಲದು. ಅಂಥ ಕಡೆಯಿಂದ ಅವಳ ಗಂಡ ಸಂಜೆ ಮನೆಗೆ ಬರುತ್ತಿದ್ದುದು ಮದುಮಗನಂತೆ: ಒದ್ದೆ ತಲೆ, ಬಾಚಿದ ಕ್ರಾಪು, ಗುಲಾಬಿ ಸೋಪಿನ ಘಮ. ಅವರ ಮನೆಗೆ ಗುಲಾಬಿ ಸೋಪು ತಂದವರೇ ಇರಲಿಲ್ಲ.

“ಸ್ನಾನ ಎಲ್ಲಾಯ್ತು?” ಎಂದು ಒಮ್ಮೆ ಕೇಳಿದ್ದಳು.

“ಲ್ಯಾಬ್ ಹಿಂದೆ ಬಿಸಿನೀರಿದೆ.”

“ಸೋಪು?”

“ಲ್ಯಾಬಿನವರು ಇಟ್ಟಿರ್ತಾರೆ.”

ಅಷ್ಟೇ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ತುಟಿಯನ್ನು ಅರ್ಧವೇ ತೆರೆದು, ಎಲ್ಲಿ ಮುತ್ತು ಉದುರೀತೋ ಎಂಬಂತೆ ಆಡುವ ಎರಡು ಮಾತು. ಮನೆಯಲ್ಲಿ ಅವನ ಸಂಸಾರವೆಲ್ಲ ನಡೆದದ್ದು ಆ ಎರಡೆರಡು ಮಾತುಗಳಲ್ಲಿ.

ರಜೆಯ ದಿನವೂ ಟ್ಯಾಂಕು ಹಸಿದಿರಬಾರದೆಂದು ಹೊರಟುಬಿಡುತ್ತಿದ್ದ. ಅಂಥದೊಂದು ದಿನ ಅವಳು ಹಿಂದೆಯೇ ಹೋದಳು. ತಂತಿ ಬೇಲಿಯಾಚೆ, ಟ್ಯಾಂಕಿನ ಮೆಟ್ಟಿಲ ಮೇಲೆ, ಬಿಳಿ ಕೋಟಿನ ಹೆಂಗಸೊಬ್ಬಳ ಎದುರು ಅವನು ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ಇದ್ದಕ್ಕಿದ್ದಂತೆ ತಲೆಯನ್ನು ಹಿಂದಕ್ಕೆಸೆದು ನಕ್ಕ. ದವಡೆಯ ತುದಿಯಲ್ಲಿ ಏನೋ ಬಿಸಿಲಿಗೆ ಮಿಂಚಿತು. ಲೋಹದ ಹಲ್ಲು. ತನ್ನ ಗಂಡನಿಗೆ ಅಂಥದೊಂದು ಹಲ್ಲಿದೆ ಎಂಬುದು ಇಬ್ಬರ ತಲೆಯೂ ನರೆತ ಮೇಲೆ, ಬೇಲಿಯ ಕಿಂಡಿಯಲ್ಲಿ ಅವಳಿಗೆ ತಿಳಿಯಿತು.

ಆ ರಾತ್ರಿ ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು. ಅವಳು ಹೆದರಿದ್ದು ಅದಕ್ಕೇ.

*

ಕಾಯುವ ಹೊತ್ತನ್ನು ಕಾರ್ಖಾನೆಯವರು ಮಾತಿನಿಂದ ತುಂಬಿದರು.

“ನನ್ನ ಕುಂಟು ನಡಿಗೆಯನ್ನ ನನಗಿಂತ ಚೆನ್ನಾಗಿ ನಡೀತಿದ್ದ ಕಣ್ರೀ,” ಎಂದ ಬಾಯ್ಲರಿನವನು. “ಮ್ಯಾನೇಜರ್ ಎದುರಿಗೇ ಒಂದ್ಸಲ ಆಡಿ ತೋರಿಸಿ, ಅವರ ಕೈಯಲ್ಲಿದ್ದ ಚಹಾ ಚೆಲ್ಲಿ...”

“ನಮ್ಮಣ್ಣನಾ?” ನಾದಿನಿ ಕಣ್ಣರಳಿಸಿದಳು. “ಯಾರದೋ ಮನೆ ಸಾವಿಗೆ ಬಂದಿಲ್ಲ ತಾನೇ ನೀವು?”

ಕೆಲವರು ನಕ್ಕು ನಾಲಗೆ ಕಚ್ಚಿಕೊಂಡರು. ಹೆಂಡತಿ ನಗಲಿಲ್ಲ. ಹಾಡುತ್ತಿದ್ದನಂತೆ. ಒಗಟು ಹಾಕುತ್ತಿದ್ದನಂತೆ. ಒಂದೊಂದು ‘ಅಂತೆ’ಯೂ ಅವಳ ಹೊಟ್ಟೆಯ ಕಿಚ್ಚಿಗೆ ಒಂದೊಂದು ಕೊಳ್ಳಿಯಾಗಿ ಬೀಳುತ್ತಿತ್ತು. ಇಷ್ಟು ಜನರಿಗೆ ಹಂಚಿ ಮಿಕ್ಕ ಎಂಜಲನ್ನೇ ತಾನು ಸಂಸಾರವೆಂದುಕೊಂಡಿದ್ದೆನೇ?

ಸ್ಕೂಟರಿನ ಸದ್ದಾಯಿತು. ಬಂದವಳಿಗಿಂತ ಮೊದಲು ಅವಳ ನಾತ ಅಂಗಳವನ್ನು ಹೊಕ್ಕಿತು. ಮೊಣಕಾಲೆತ್ತರದ ರಬ್ಬರ್ ಬೂಟು, ಬೂದುಬಣ್ಣದ ರಾಡಿ ಎರಚಿದ ಬಟ್ಟೆ, ಕೆದರಿದ ನರೆಗೂದಲು. ಜನ ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಹೆಣಗಳ ನಡುವೆಯೇ ಮೂಗು ಪಳಗಿದ ಗಾಡಿಯ ಡ್ರೈವರ್ ಕೂಡ, “ಅಮ್ಮಾ, ಹೆಣ ಒಳಗಿದೆಯೋ, ನೀವೇ ತಂದಿರೋ?” ಎಂದ.

ಲ್ಯಾಬಿನವಳು ಅವನತ್ತ ತಿರುಗಲೂ ಇಲ್ಲ. ನೇರ ಬಂದು ಶವದ ಮೇಲೆ ಬಾಗಿದಳು. ಹೆಂಡತಿ ಆ ಮುಖವನ್ನೇ ನೋಡಿದಳು. ಲ್ಯಾಬಿನವಳು ಅಳಲಿಲ್ಲ. ಮೂಗನ್ನು ಸತ್ತವನ ಕುತ್ತಿಗೆಯ ಬಳಿ ಒಯ್ದು, ಮೆಲ್ಲನೆ ಒಮ್ಮೆ ಉಸಿರೆಳೆದುಕೊಂಡಳು.

“ಇವತ್ತೂ ತೊಳೆದುಬಿಟ್ಟಿದ್ದೀರಾ,” ಎಂದಳು.

“ಗುಲಾಬಿ ಸೋಪು ನಿಮ್ಮದಂತೆ?”

“ನನ್ನದೇ.”

ಯಾರೋ ಕೆಮ್ಮಿದರು.

“ಯಾಕೆ?”

“ಅವರೇ ಕೇಳಿದ್ರು. ‘ನಾರಿಕೊಂಡು ಮನೆಗೆ ಹೋಗಬಾರದು, ಅವಳಿಗೆ ಆಗಲ್ಲ’ ಅಂತ. ಮದುವೆಯಾದ ಹೊಸದರಲ್ಲಿ ಅವರು ಪಕ್ಕಕ್ಕೆ ಬಂದು ಕೂತಿದ್ದೇ ತಡ, ನೀವು ಬಾಯಿ ಮುಚ್ಚಿಕೊಂಡು ತಟ್ಟೆ ಬಿಟ್ಟು ಓಡಿದ್ರಂತಲ್ಲ.”

ಹೆಂಡತಿ ಓಡಿದ್ದು ನಿಜ. ಆಗ ಅವಳು ಬಸುರಿ. ಕಾಯಿಸಿದ ಹಾಲಿನ ಹಬೆಗೂ ಓಕರಿಕೆ ಬರುತ್ತಿದ್ದ ದಿನಗಳು. ಗಂಡನಿಗೆ ಹೇಳಲು ಒಳ್ಳೆಯ ಗಳಿಗೆಯೊಂದನ್ನು ಕಾಯುತ್ತಿದ್ದಳು. ಗಳಿಗೆ ಬರುವ ಮೊದಲೇ ಬಸಿರು ಇಳಿದುಹೋಯಿತು. ಇಲ್ಲದ ಮಗುವಿಗಾಗಿ ಅವನನ್ನೂ ಅಳಿಸುವುದೇಕೆಂದು ಎಲ್ಲವನ್ನೂ ನುಂಗಿಕೊಂಡಳು. ಮತ್ತೊಂದು ಬಸಿರು ನಿಲ್ಲಲೇ ಇಲ್ಲ.

“ಅದು ಅವರ ವಾಸನೆಗಲ್ಲ. ಅವತ್ತು ನನಗೆ...” ನಾದಿನಿ ಕಿವಿ ನೆಟ್ಟಗೆ ಮಾಡಿದ್ದು ಕಾಣಿಸಿತು. ಹೆಂಡತಿ ಮಾತು ತಿರುಗಿಸಿ ಕೇಳಿದ್ದು ಬೇರೆಯದನ್ನೇ: “ಸರಿ, ಮೈ ತೊಳ್ಕೊಂಡ್ರು. ಮಾತು ಯಾಕೆ ಆಡ್ತಿರಲಿಲ್ಲ?”

ಲ್ಯಾಬಿನವಳು ಕೈಯ ರಾಡಿಯನ್ನು ಬಟ್ಟೆಗೆ ಉಜ್ಜಿಕೊಂಡಳು. “‘ಸೋಪು ಮೈಗಾಯ್ತು, ಉಸಿರಿಗೆ ಹಚ್ಚೋಕಾಗುತ್ತಾ?’ ಅಂತಿದ್ರು. ಆ ನಾತ ತಮ್ಮ ಒಳಗೇ ಇಳಿದಿದೆ, ಬಾಯಿ ಬಿಟ್ರೆ ನಿಮಗೆ ತಿಳಿದುಬಿಡುತ್ತೆ ಅಂತ. ಹುಚ್ಚು. ಎಷ್ಟು ಬೈದೆ, ಕೇಳಲಿಲ್ಲ. ನನಗೂ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಾರೋ ಮನುಷ್ಯ ನಮಗೆ, ತೊಳೆದ ಮನುಷ್ಯ ನಿಮಗೆ.”

“ನಗೋ ಮನುಷ್ಯನನ್ನೂ ನೀವೇ ಇಟ್ಕೊಂಡ್ರಲ್ಲ,” ಎಂದಳು ಹೆಂಡತಿ.

ಲ್ಯಾಬಿನವಳು ಶವದಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಎತ್ತಿ,” ಎಂದಳು ಹೆಂಡತಿ, ನಾಲ್ವರ ಕಡೆ ತಿರುಗಿ.

ಶವ ಗಾಡಿಯೇರಿತು. “ಇವರು ಸ್ಕೂಟರಲ್ಲೇ ಹಿಂದೆ ಬರಲಿ ಅತ್ತಿಗೆ, ಈ ನಾತದಲ್ಲಿ ಕೂರೋಕಾಗುತ್ತಾ?” ಎಂದ ನಾದಿನಿಗೆ, “ನೀನು ಮುಂದೆ ಕೂತ್ಕೋ,” ಎಂಬ ಉತ್ತರ ಸಿಕ್ಕಿತು. ಹೆಂಡತಿ ಲ್ಯಾಬಿನವಳ ತೋಳು ಹಿಡಿದು ಹಿಂದೆ ಹತ್ತಿಸಿದಳು. ನಡುವೆ ಅವನು, ಆಚೆಗೊಬ್ಬಳು, ಈಚೆಗೊಬ್ಬಳು. ಬಾಗಿಲು ಹಾಕಿದ್ದೇ ನಾತ ಇಮ್ಮಡಿಯಾಯಿತು. ಲ್ಯಾಬಿನವಳು ನಾಚಿ, ತನ್ನ ಪಕ್ಕದ ಕಿಟಕಿಯ ಗಾಜನ್ನು ಸರಿಸಲು ಕೈಯೆತ್ತಿದಳು.

ಹೆಂಡತಿ ಗಂಡನ ಎದೆಯ ಮೇಲಿಂದ ಚಾಚಿ ಬಾಗಿ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಗಾಜನ್ನು ಸಂದು ಉಳಿಯದಂತೆ ಒತ್ತಿ ಮುಚ್ಚಿದಳು.