ಯಾವ ಖಾಲಿ?

ಕೆಲಸ ಇಲ್ಲದವನಿಗೆ ಇರುವಷ್ಟು ಕೆಲಸ ದಾವಣಗೆರೆಯಲ್ಲಿ ಬೇರೆ ಯಾರಿಗೂ ಇಲ್ಲ. ಅನುಭವದ ಮೇಲೆ ಹೇಳುತ್ತಿದ್ದೇನೆ. ಹರಿಹರದಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದ ಸಣ್ಣ ಫ್ಯಾಕ್ಟರಿ ಯುಗಾದಿಗೆ ಮುಂಚೆ ಬಾಗಿಲು ಹಾಕಿತು. ಮರುದಿನದಿಂದಲೇ ನಾನು ನಮ್ಮ ಓಣಿಗೆಲ್ಲ ನೌಕರನಾದೆ, ಸಂಬಳವೊಂದು ಬಿಟ್ಟು. ಗ್ಯಾಸ್ ಸಿಲಿಂಡರ್ ಬಂದರೆ ಇಳಿಸಲು ಯೋಗರಾಜ್. ರೇಷನ್ ಅಂಗಡಿಯ ಪಾಳಿಯಲ್ಲಿ ಚೀಲ ಹಿಡಿದು ನಿಲ್ಲಲು ಯೋಗರಾಜ್. ಯಾರದೋ ಮೊಮ್ಮಗನ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ ತಿದ್ದಿಸಲೂ ಯೋಗರಾಜ್. ಎಲ್ಲರೂ ಮಾತು ಶುರು ಮಾಡುವುದು ಮಾತ್ರ ಒಂದೇ ರೀತಿ: ಹೆಂಗೂ ಖಾಲಿ ಇದೀಯಲ್ಲ.

ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೋಗುತ್ತಿದ್ದೆ. ಹೆಂಡತಿ ಚೈತ್ರಾ ನರ್ಸಿಂಗ್ ಹೋಮಿನ ಕೌಂಟರಿಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬನೇ ಕೂತು ಫ್ಯಾನ್ ತಿರುಗುವುದನ್ನು ನೋಡುವುದಕ್ಕಿಂತ ರೇಷನ್ ಪಾಳಿ ವಾಸಿ.

ಎಲ್ಲರಿಗಿಂತ ಹೆಚ್ಚು ದುಡಿಸಿಕೊಂಡವರು ಎದುರು ಮನೆಯ ಕಸ್ತೂರಮ್ಮ. ಅವರ ಮಗ ಬಸವಕಿರಣನ ಮದುವೆಯಲ್ಲಿ ಉಗ್ರಾಣದ ಕೀಲಿ ತಂದು ನನ್ನ ಕೈಗೇ ಕೊಟ್ಟರು. ಎಲ್ಲರೂ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುವಾಗ ನಾನು ಬೆಲ್ಲ, ತೆಂಗಿನಕಾಯಿ, ತುಪ್ಪದ ಡಬ್ಬಿಗಳ ನಡುವೆ ಬಾಗಿಲು ಕಾಯುತ್ತ ಕೂತಿದ್ದೆ. ಅದನ್ನು ನೋಡಿದ ಓಣಿಯ ಇನ್ನೆರಡು ಮನೆಯವರೂ ತಮ್ಮ ಮದುವೆಗಳಿಗೆ ನನ್ನನ್ನೇ ಉಗ್ರಾಣಕ್ಕೆ ಕೂರಿಸಿದರು. ಖಾಲಿ ಇರುವವನು ಮತ್ತೆಲ್ಲಿಗೆ ಹೋಗುತ್ತಾನೆ?

ಕೆಲಸ ಹುಡುಕುವುದನ್ನಂತೂ ನಾನು ಬಿಟ್ಟಿರಲಿಲ್ಲ. ವಾರಕ್ಕೆರಡು ಸಲ ಶರ್ಟಿಗೆ ಇಸ್ತ್ರಿ ಹಾಕಿ ಹೊರಡುತ್ತಿದ್ದೆ. ಹೋದಲ್ಲೆಲ್ಲ ಕೇಳಿದ್ದೂ ಅದೇ ಹಾಳು ಮಾತು. ಇದ್ದೊಂದು ಜಾಗನೂ ಖಾಲಿ ಆತ್ರಿ, ನಿನ್ನೆನೇ ಒಬ್ಬರನ್ನ ತಗೊಂಡ್ವಿ ಅನ್ನುವರು. ಒಳಗೆ ಕರೆದು ಕೂರಿಸಿದರೂ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುವರು. ನಾನು ಸ್ವಂತ ಬಿಸಿನೆಸ್ ಎಂದು ಸುಳ್ಳು ಹೇಳುವೆ. ಯಾವ ಬಿಸಿನೆಸ್ ಎಂದರೆ ತಡವರಿಸುವೆ. ಅಲ್ಲಿಗೆ ಆ ಕೆಲಸಕ್ಕೆ ಎಳ್ಳುನೀರು.

ಗಡುವು ಹಾಕಿಕೊಂಡವನು ನಾನೇ. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಮನೆ ಬಿಟ್ಟು ಕುಕ್ಕುವಾಡಕ್ಕೆ ಹೋಗಿ ಅಣ್ಣ ಗುತ್ತೆಪ್ಪನ ಜೊತೆ ಗದ್ದೆಗಿಳಿಯುವುದು ಎಂದು ಚೈತ್ರಾಳಿಗೆ ಹೇಳಿದ್ದೆ. ಗದ್ದೆಯ ಕೆಲಸ ಕೀಳೆಂದಲ್ಲ. ಆದರೆ ಅದು ಅಣ್ಣನ ಕೆಲಸ. ನನ್ನದು ಸ್ಟೋರು. ಇಂಥ ಸಾಮಾನು ಬೇಕು ಎಂದು ಕೇಳಿದವರ ಬಾಯಿ ಮುಚ್ಚುವುದರೊಳಗೆ ಅದನ್ನು ಅವರ ಕೈಗಿಡುವುದು ನನಗೆ ಗೊತ್ತು, ಅದು ನನಗೆ ಇಷ್ಟ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ಇಷ್ಟರಲ್ಲಿ ದೀಪಾವಳಿ ಹತ್ತಿರವಾಯಿತು.

ಆಗ ಅಕೀಬ್ ಒಂದು ಸುದ್ದಿ ತಂದ. ಅವನು ನನ್ನ ಜೊತೆ ಅದೇ ಫ್ಯಾಕ್ಟರಿಯಲ್ಲಿದ್ದವನು, ಈಗ ಹರಿಹರದಲ್ಲಿ ಆಟೊ ಓಡಿಸುತ್ತಾನೆ. ಅಲ್ಲಿ ವಾಮದೇವಪ್ಪ ಎನ್ನುವವರ ಟ್ರ್ಯಾಕ್ಟರ್ ಬಿಡಿಭಾಗದ ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸ ಸಿಗಬಹುದು, ವಿಚಾರಿಸಿ ಹೇಳ್ತೀನಿ ಅಂದಿದ್ದ. ನಾನು ಮೂರು ದಿನ ಮೊಬೈಲನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ಮೆಸೇಜ್ ಬಂತು: 'ಅಣ್ಣ, ಆ ಸ್ಟೋರ್ ಕೀಪರ್ ಜಾಗ ಖಾಲಿ ಆತು.'

ಮತ್ತೆ ಅದೇ, ಈ ಜಾಗವೂ ಕೈತಪ್ಪಿತು. ಉತ್ತರ ಬರೆಯಲೂ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗಿನಿಂದ ಕಸ್ತೂರಮ್ಮನ ದನಿ ಕೇಳಿಸಿತು. ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಂತೆ, ನಾಡಿದ್ದು ಆನಗೋಡಿಗೆ ಮಗಳು ನಯನಾಳ ಮನೆಗೂ ಬಿಟ್ಟು ಬರಬೇಕಂತೆ, ಹೆಂಗೂ ಖಾಲಿ ಇದ್ದೇನಲ್ಲ. ಮುಖ ತೊಳೆದು ಗಾಡಿ ತೆಗೆದೆ.

ಆಸ್ಪತ್ರೆಯಲ್ಲಿ ಅವರ ಕಣ್ಣಿಗೆ ಮತ್ತೆ ಮತ್ತೆ ಹನಿ ಹಾಕಿದರು. ಡಾಕ್ಟರು ನೋಡಿ, ಪೊರೆ ಬಂದಿದೆ, ಇನ್ನೂ ಸ್ವಲ್ಪ ಬಲಿಯಲಿ, ಹನಿ ಹಾಕಿದ್ದರಿಂದ ಸಂಜೆವರೆಗೆ ಕಣ್ಣು ಮಂಜಾಗಿರುತ್ತದೆ ಅಂದರು. ಕಸ್ತೂರಮ್ಮ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಬೆಂಚಿನ ಮೇಲೆ ಕೂತು, ಹಸಿವಾಗೇತಿ, ಹೋಟೆಲಿನಿಂದ ಖಾಲಿ ದೋಸೆ ಕಟ್ಟಿಸಿಕೊಂಡು ಬಾ ಅಂದರು. ಹೊಟ್ಟೆಯಲ್ಲಿ ಪಲ್ಯವಿಲ್ಲದ ದೋಸೆಗೆ ನಮ್ಮೂರಲ್ಲಿ ಇಟ್ಟ ಹೆಸರು ಅದು. ದೋಸೆಗೂ ನನಗೂ ಒಂದೇ ಹೆಸರು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಂದ ಬಂದ ಒಂದು ಸಂಸಾರ ಗೋಡೆಗೆ ಒರಗಿ ನಿಂತು, ತಿನ್ನುತ್ತಿದ್ದವರ ತಟ್ಟೆಗಳನ್ನೇ ನೋಡುತ್ತಿತ್ತು. ಮೂಲೆಯ ಟೇಬಲಿನವರು ಕೈ ತೊಳೆಯಲು ಎದ್ದರು. ಸಪ್ಲೈಯರ್ ಬಟ್ಟೆಯಿಂದ ಟೇಬಲ್ ಒರೆಸುತ್ತ ಆ ಸಂಸಾರದ ಕಡೆ ತಿರುಗಿ ಕರೆದ.

"ಖಾಲಿ ಆತು, ಬರ್ರಿ, ಕೂಡ್ರಿ."

ಅವರು ಹೋಗಿ ಕೂತರು. ನಾನು ಪಾರ್ಸೆಲ್ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಅನ್ನ ಖಾಲಿಯಾದರೆ ಕೈ ತೊಳೆಯಬೇಕು. ಟೇಬಲ್ ಖಾಲಿಯಾದರೆ ಹೋಗಿ ಕೂರಬೇಕು. ಅಕೀಬ್ ಹೇಳಿದ್ದು ಯಾವ ಖಾಲಿ? ತಿಂಗಳುಗಟ್ಟಲೆ ಬಾಗಿಲು ಮುಚ್ಚಿಸಿಕೊಂಡವನಿಗೆ ಆ ಮಾತಿಗೆ ಇನ್ನೊಂದು ಅರ್ಥವಿದೆ ಅನ್ನುವುದೇ ಮರೆತುಹೋಗಿತ್ತು. ಅಲ್ಲೇ ನಿಂತು ಫೋನ್ ಮಾಡಿದೆ.

ಅಕೀಬ್ ಸಿಟ್ಟಿನಲ್ಲೇ ಎತ್ತಿದ. "ಎಲ್ಲಿದೀಯ ಅಣ್ಣ? ಇದ್ದೋನು ಬಿಟ್ಟು ಹೋದ, ಜಾಗ ಖಾಲಿ ಆತು ಅಂತ ಬೆಳಿಗ್ಗೆನೇ ಹಾಕೀನಲ್ಲ. ಸಾಹುಕಾರ್ರು ಮಧ್ಯಾಹ್ನ ಊಟಕ್ಕೆ ಏಳೋತನಕ ಅಷ್ಟೇ ಬಂದೋರನ್ನ ನೋಡೋದು."

ಆಸ್ಪತ್ರೆಗೆ ಓಡಿದೆ. ಕಸ್ತೂರಮ್ಮನ ಕೈಗೆ ದೋಸೆ ಕೊಟ್ಟು, ನಡೆದದ್ದನ್ನು ಹೇಳಿ, ಆಟೊ ಮಾಡಿ ಮನೆಗೆ ಕಳಿಸುತ್ತೇನೆ, ನಾನೀಗ ಹರಿಹರಕ್ಕೆ ಹೋಗಲೇಬೇಕು ಎಂದೆ. ಅವರಿಗೆ ನಾನು ಆಗುವುದಿಲ್ಲ ಎಂದು ಹೇಳಿದ್ದು ಅದೇ ಮೊದಲು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡು ಎದ್ದರು.

"ನನ್ನ ಆಟೊ ಹತ್ತಿಸಿ, ಅವನಿಗೆ ದಾರಿ ಹೇಳಿ, ಹೊತ್ತು ಕಳೀಬ್ಯಾಡ. ನಡಿ ಹರಿಹರಕ್ಕೆ."

"ಕಣ್ಣು ಕಾಣಲ್ಲಲ್ಲ ಅಮ್ಮಾರೆ."

"ಗಾಡಿ ಹೊಡಿಯೋನು ನೀನು. ಹಿಂದೆ ಕೂಡಾಕ ಕಣ್ಣು ಬೇಕೇನು?"

ದಾರಿಯುದ್ದಕ್ಕೂ ಅವರು ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ದೋಸೆಯ ಪೊಟ್ಟಣ ಹಿಡಿದು, ಲಾರಿ ಸದ್ದು ಕೇಳಿದಾಗಲೆಲ್ಲ ಶಿವಶಿವಾ ಅನ್ನುತ್ತಿದ್ದರು. ನಾನು ಮಾತ್ರ ಇವತ್ತು ಬಾಗಿಲಿನಿಂದ ತಿರುಗಿ ಬರುವವನಲ್ಲ ಎಂದು ಹಲ್ಲು ಕಚ್ಚಿ ಗಾಡಿ ಓಡಿಸಿದೆ. ಹೆಲ್ಮೆಟ್ಟಿನೊಳಗೆ ಬೆವರು ಇಳಿಯುತ್ತಿತ್ತು.

ಗೋಡೌನಿನ ಗೇಟಿನಲ್ಲಿ ವಾಚ್‌ಮನ್ ಊಟದ ಡಬ್ಬಿ ಬಿಚ್ಚುತ್ತಿದ್ದ. ಸ್ಟೋರ್ ಕೀಪರ್ ಕೆಲಸಕ್ಕೆ ಬಂದೆ ಎಂದೆ. ಅವನು ತಲೆ ಎತ್ತದೆ ಹೇಳಿದ.

"ಖಾಲಿ ಆತ್ರಿ."

ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು. ರೂಢಿ ಅಂಥದ್ದು. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಬೆಳಿಗ್ಗೆಯ ಸಿಟ್ಟು, ಯುಗಾದಿಯಿಂದ ಈಚಿನ ಸಿಟ್ಟು, ಎಲ್ಲ ಒಟ್ಟಿಗೆ ಬಂತು.

"ಯಾವ ಖಾಲಿ? ಕೆಲಸ ಖಾಲಿ ಆತೋ, ಬಂದಿದ್ದ ಜನ ಖಾಲಿ ಆದ್ರೋ? ಬಿಡಿಸಿ ಹೇಳ್ರಿ."

ವಾಚ್‌ಮನ್ ಬೆಪ್ಪಾಗಿ ನೋಡಿದ. ಬೆಳಿಗ್ಗೆಯಿಂದ ಪಾಳಿ ನಿಂತಿದ್ದವರೆಲ್ಲ ಹೋದರು, ಸಾಹುಕಾರರು ಊಟಕ್ಕೆ ಏಳುತ್ತಿದ್ದಾರೆ, ಯಾರನ್ನೂ ಒಪ್ಪಿದ ಹಾಗೆ ಕಾಣಲಿಲ್ಲ ಎಂದ. ಕಸ್ತೂರಮ್ಮನನ್ನು ಬೇವಿನ ಮರದ ನೆರಳಿಗೆ ಕೂರಿಸಿ ಒಳಗೆ ನುಗ್ಗಿದೆ.

ವಾಮದೇವಪ್ಪ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ವಯಸ್ಸಾದವರು, ಹಣೆಯಲ್ಲಿ ವಿಭೂತಿ. ಮಲೆಬೆನ್ನೂರಿನ ಕಡೆಯ ರೈತರ ಟ್ರ್ಯಾಕ್ಟರ್ ಕೆಟ್ಟರೆ ಸಾಮಾನು ಇಲ್ಲಿಂದಲೇ ಹೋಗುವುದಂತೆ. ನಿಂತುಕೊಂಡೇ ನನ್ನ ಹಳೆಯ ಕೆಲಸದ ಬಗ್ಗೆ ಕೇಳಿದರು. ಆಮೇಲೆ ಅದೇ ಪ್ರಶ್ನೆ ಬಂತು. ಫ್ಯಾಕ್ಟರಿ ಮುಚ್ಚಿ ಇಷ್ಟು ದಿನವಾಯಿತಲ್ಲ, ಏನು ಮಾಡಿಕೊಂಡಿದ್ದಿರಿ?

ಸ್ವಂತ ಬಿಸಿನೆಸ್ ಅನ್ನುವುದು ಬಾಯಿಗೆ ಬಂದಿತ್ತು. ನುಂಗಿದೆ.

"ಖಾಲಿ ಇದ್ದೆ."

"ಖಾಲಿ ಇದ್ದು ಏನ್ ಮಾಡಿದ್ರಿ?"

ಹೇಳಿದೆ. ಸಿಲಿಂಡರು, ರೇಷನ್ನು, ಆಧಾರ್ ಕಾರ್ಡು, ಎಲ್ಲವನ್ನೂ. ಯಾರ ಮೇಲಿನ ಸಿಟ್ಟೋ ಯಾರ ಮೇಲೋ ತೀರಿಸಿದಂತೆ, ಮೂರು ಮದುವೆಗಳಲ್ಲಿ ಹೋಳಿಗೆ ಬಿಟ್ಟು ಉಗ್ರಾಣ ಕಾದದ್ದನ್ನೂ ಹೇಳಿದೆ. ಅಲ್ಲಿಗೆ ಅವರು ಚಪ್ಪಲಿ ಹುಡುಕುವುದನ್ನು ನಿಲ್ಲಿಸಿದರು.

"ಉಗ್ರಾಣದ ಕೀಲಿ ನಿಮ್ಮ ಕೈಯಾಗ ಕೊಟ್ರಾ? ಅವರೇನು ನಿಮ್ಮ ಸಂಬಂಧಿಕರಾ?"

"ಅಲ್ರಿ. ಓಣಿಯೋರು."

"ಮೂರು ಮನೆಯೋರೂ?"

"ಹೂಂ ರಿ. ಹೆಂಗೂ ಖಾಲಿ ಇದ್ನಲ್ಲ."

ವಾಮದೇವಪ್ಪ ಮತ್ತೆ ಕುರ್ಚಿಯಲ್ಲಿ ಕೂತರು. ನನಗೂ ಕೂಡ್ರಿ ಅಂದರು. ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ಒಮ್ಮೆ ಎತ್ತಿ ಇಟ್ಟು ನಿಧಾನವಾಗಿ ಮಾತಾಡಿದರು.

"ಖಾಲಿ ಇರೋರು ಊರ ತುಂಬ ಇರ್ತಾರೆ. ಮದುವೆ ಮನೆ ಉಗ್ರಾಣದ ಕೀಲಿ ನಮ್ಮ ಸ್ವಂತ ತಮ್ಮನ ಕೈಗೆ ಕೊಡಾಕ ನಾನು ಹಿಂದೆ ಮುಂದೆ ನೋಡಿದೋನು. ನಾಳೆ ಬೆಳಿಗ್ಗೆ ಬರ್ರಿ."

ಹೊರಗೆ ಬಂದಾಗ ನನ್ನ ಕಣ್ಣೂ ಮಂಜಾಗಿತ್ತು, ಯಾವ ಡಾಕ್ಟರೂ ಹನಿ ಹಾಕದೆ. ಅಷ್ಟು ದಿನ ಅವಮಾನ ಎಂದುಕೊಂಡಿದ್ದ ಕೀಲಿಯನ್ನು ನನ್ನ ಕೈಗೆ ಮೊದಲು ಕೊಟ್ಟವರು ಬೇವಿನ ಮರದ ಕೆಳಗೆ ಸೆರಗು ಮುಸುಕಿಕೊಂಡು ತಣ್ಣಗಾದ ದೋಸೆ ತಿನ್ನುತ್ತಿದ್ದರು. ಅರ್ಧವನ್ನು ನನಗೆಂದು ಎಲೆಯಲ್ಲಿ ಎತ್ತಿಟ್ಟಿದ್ದರು. ಹೆಜ್ಜೆ ಸದ್ದಿಗೆ ಮುಖ ಎತ್ತಿದರು.

"ಏನಂದ್ರು?"

"ನಾಳೆಯಿಂದ ಬಾ ಅಂದ್ರು."

ಅವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹನಿಯದ್ದೇ ಕಾಟ ಎಂದು ಗೊಣಗಿದರು.

"ಹಂಗಾದ್ರ ನಾಡಿದ್ದು ಆನಗೋಡಿಗೆ ನನ್ನ ಕರ್ಕೊಂಡು ಹೋಗೋರು ಯಾರಪ್ಪ?"

ನಾನು ಅವರ ಪಕ್ಕದಲ್ಲಿ ಕೂತು ದೋಸೆ ಮುರಿದು ಬಾಯಿಗಿಟ್ಟೆ. ಎಷ್ಟೋ ದಿನದ ಮೇಲೆ ಹಸಿವಾಗಿತ್ತು.

"ನಾಡಿದ್ದು ಆಗಲ್ಲ ಅಮ್ಮಾರೆ. ಭಾನುವಾರ ಹೋಗಾಣ. ಭಾನುವಾರ ನಾನು ಖಾಲಿ ಇರ್ತೀನಿ."