ಎಡಚನ ಸಾಲು

ಆ ನಕ್ಷೆ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೇ, ಅಕ್ಕ ಮತ್ತು ತಮ್ಮ. ತಮ್ಮನನ್ನು ಎಲ್ಲರೂ ಎಡಚ ಎಂದೇ ಕರೆಯುತ್ತಿದ್ದರು. ಬುದ್ಧಿವಂತ, ಆದರೆ ಮಹಾ ಸೋಮಾರಿ. ಒಂದೊಂದು ಯಂತ್ರದ ಮುಂದೂ ಕೂತು ಲಿನಕ್ಸ್ ಹಾಕಿ, ಪ್ರಿಂಟರ್ ಜೋಡಿಸಿ, ನಕ್ಷೆಯ ತಂತ್ರಾಂಶ ಕೂರಿಸುವುದು ಅವನ ಜಾಯಮಾನಕ್ಕೆ ಒಗ್ಗದ ಕೆಲಸ. ಅದಕ್ಕೇ ತನ್ನ ಕಂಪ್ಯೂಟರಿನಲ್ಲಿ ಏನೇನಿತ್ತೋ ಅದನ್ನೆಲ್ಲ ಉಳಿದವಕ್ಕೂ ತಾನಾಗಿಯೇ ಅಳವಡಿಸುವ ಸ್ಕ್ರಿಪ್ಟ್, ಅಂದರೆ ಸಾಲುಸಾಲು ಆದೇಶಗಳ ಕಡತವೊಂದನ್ನು ಬರೆದ. ಯಂತ್ರ ಆನ್ ಆದಾಗಲೆಲ್ಲ ಅದು ಓಡಿ, ಯಾರಾದರೂ ಏನಾದರೂ ಬದಲಿಸಿದ್ದರೆ ಮೊದಲಿನಂತೆ ಮಾಡಿಡುತ್ತಿತ್ತು.

ಆದರೆ ಒಂದು ಎಡವಟ್ಟಾಗಿತ್ತು. ಎಡಗೈಗೆಂದು ಮೌಸಿನ ಗುಂಡಿಗಳನ್ನು ಅದಲುಬದಲು ಮಾಡಿಕೊಂಡಿದ್ದ ಸಾಲೂ ಅದರಲ್ಲಿ ನುಸುಳಿಬಿಟ್ಟಿತ್ತು. ಇಡೀ ಕಚೇರಿ ಹಿಡಿಶಾಪ ಹಾಕಿತು. ಎಷ್ಟು ಸಲ ಸರಿಮಾಡಿಕೊಂಡರೂ ಮರುದಿನ ಯಥಾಪ್ರಕಾರ.

"ಲೋ, ಅದೊಂದು ಸಾಲು ತೆಗೆಯೋ."

"ನಾಳೆ ತೆಗೀತೀನಿ ಕಣಕ್ಕ. ಇಷ್ಟು ವರ್ಷ ನಿಮ್ಮ ಬಲಗೈ ಕತ್ತರೀಲೇ ನಾನು ಕತ್ತರಿಸ್ಲಿಲ್ವಾ? ನೀವೂ ಸ್ವಲ್ಪ ಅನುಭವಿಸಿ."

ಆ ನಾಳೆ ಬರಲೇ ಇಲ್ಲ. ಕ್ರಮೇಣ ಎಲ್ಲರ ಕೈಯೂ ಅದಕ್ಕೇ ಪಳಗಿತು. ಆಮೇಲೆ ಜ್ವರವೆಂದು ಮಲಗಿದ ಎಡಚ ಮತ್ತೆ ಏಳಲಿಲ್ಲ.

ಅವನನ್ನು ಕಳಿಸಿಕೊಟ್ಟು ಕೆಲಸಕ್ಕೆ ಮರಳಿದ ದಿನ ಅಕ್ಕ ಯಂತ್ರ ಆನ್ ಮಾಡಿದಳು. ಗುಂಡಿಗಳು ಎಂದಿನಂತೆ ಅದಲುಬದಲಾಗಿದ್ದವು. ಅವಳಿಗೆ ಏನೋ ಸಮಾಧಾನ. ಇವನಿನ್ನೂ ದಿನಾ ಕೆಲಸಕ್ಕೆ ಬರುತ್ತಿದ್ದಾನೆ ಎಂದುಕೊಂಡಳು.

ಹೊಸಬರು ಸೇರುವ ಹೊತ್ತಿಗೆ ಮೇಲಧಿಕಾರಿ ಅವಳ ಮೇಜಿನ ಬಳಿ ಬಂದು ನಿಂತರು. "ತಪ್ಪು ತಿಳ್ಕೋಬೇಡಮ್ಮ. ಬರೋರಿಗೆಲ್ಲ ಇದನ್ನ ಕಲಿಸ್ತಾ ಕೂರೋಕಾಗಲ್ಲ. ಆ ಸಾಲು ತೆಗೆದುಬಿಡು."

ಅದೊಂದನ್ನು ಬಿಟ್ಟು ಬೇರೇನಾದರೂ ಹೇಳಿ ಎನ್ನಲು ಹೊರಟವಳು "ಆಯ್ತು ಸಾರ್," ಎಂದಳು. ಅರೆಗಳಿಗೆಯ ಕೆಲಸಕ್ಕೆ ಸಂಜೆಯವರೆಗೂ ಕೂತಿದ್ದಳು.

ಮರುದಿನ ಕಚೇರಿಯೆಲ್ಲ ಗೊಂದಲವೋ ಗೊಂದಲ. ಪಳಗಿದ ಬೆರಳುಗಳು ಹಳೆಯ ಗುಂಡಿಯನ್ನೇ ಒತ್ತುತ್ತಿದ್ದವು, ಬೇಡದ ಪಟ್ಟಿಗಳು ಪರದೆಯ ಮೇಲೆ ತೆರೆದುಕೊಳ್ಳುತ್ತಿದ್ದವು. "ಅಯ್ಯೋ, ಈ ಎಡಚ ಸತ್ರೂ ನಮ್ಮನ್ನ ಬಿಡಲ್ವಲ್ಲಪ್ಪ!" ಎಂದ ನಕ್ಷೆಗಾರ್ತಿ, ಹಿಂದೆ ಅಕ್ಕ ನಿಂತಿರುವುದನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಬೈಯಿ ತಾಯಿ, ಚೆನ್ನಾಗಿ ಬೈಯಿ," ಎಂದು ಅಕ್ಕ ನಕ್ಕಳು. ಅವತ್ತು ಸುಮ್ಮಸುಮ್ಮನೆ ಮೇಜಿಂದ ಮೇಜಿಗೆ ಸುತ್ತಿ, ಎಲ್ಲರ ಬೈಗುಳವನ್ನೂ ಮನಸ್ಸು ತುಂಬ ಕೇಳಿಸಿಕೊಂಡಳು.

ಕೆಲವೇ ದಿನ. ಬೈಗುಳ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಇಷ್ಟು ಬೇಗ ಮರೆತರಲ್ಲ ಎಂದು ಅವಳು ಒಳಗೊಳಗೇ ಮುನಿಸಿಕೊಂಡಳು. ತಾನು ಮಾತ್ರ ಈಗಲೂ ತಪ್ಪು ಗುಂಡಿಯನ್ನೇ ಒತ್ತುತ್ತಿದ್ದೇನೆ ಎಂಬುದೊಂದು ಹೆಮ್ಮೆ.

ಒಂದು ಬೆಳಿಗ್ಗೆ ಯಾರೋ ಪ್ರಿಂಟರ್ ಕೆಟ್ಟಿದೆ ಎಂದು ಕೂಗಿದರು. "ಬಂದೆ," ಎನ್ನುತ್ತಲೇ ಅವಳು ಮೌಸ್ ಒತ್ತಿದಳು. ಬೇಕಾದ ಕಡತ ಮೊದಲ ಸಲಕ್ಕೇ ತೆರೆದುಕೊಂಡಿತು.

ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಎಲ್ಲರೆದುರೇ ಅತ್ತಳು.